ದಡದವಳ ಕೂಗು

ಮಾರ್ಚ್ ೪, ಭಾನುವಾರ

ಚಿ. ಸೌ. ಗುಬ್ಬಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಪರದೇಶಕ್ಕೆ ಹೋದಮೇಲೆ ಅಕ್ಕನಿಗೆ ಕೊಂಬು ಬಂತು ಅಂತ ನೀನು ಅಂದುಕೊಂಡಿದ್ದರೆ ಅಂದುಕೋ. ಕೊಂಬು ನನಗೆ ಹುಟ್ಟಿದಾಗಿನಿಂದಲೂ ಇತ್ತು, ಹೊಸದಾಗಿ ಬರಬೇಕಾಗಿಲ್ಲ. ನಿಜ ಏನೆಂದರೆ, 'ನಾವೆಲ್ಲ ಕ್ಷೇಮ' ಅಂತ ಬರೆಯುವ ಸಾಲಿಗೆ ಬಂದಾಗಲೆಲ್ಲ ಪೆನ್ನಿನ ಮುಚ್ಚಳ ಹಾಕಿ ಎದ್ದುಬಿಡುತ್ತಿದ್ದೆ. ಸುಳ್ಳು ಬರೆದು ನನಗೆ ಅಭ್ಯಾಸವಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯ ಗೋಡೆಗಳು ಹಲಗೆಯವು. ಈ ಕಡೆ ನಾನು ಕೆಮ್ಮಿದರೆ ಆ ಕಡೆಯಿಂದ ಅಳಿಯ "ಏನಾಯ್ತು ಅತ್ತೆ" ಅನ್ನುತ್ತಾನೆ. ಅದಕ್ಕೇ ಕಾಗದ.

ನಿನ್ನ ಭಾವನ ಮರೆವು ಜಾಸ್ತಿಯಾಗಿದೆ. ಮೊದಲು ಕನ್ನಡಕ ಎಲ್ಲಿಟ್ಟೆ ಅನ್ನುತ್ತಿದ್ದರು. ಆಮೇಲೆ ಬಚ್ಚಲ ಬಾಗಿಲು ಯಾವುದು ಅನ್ನುವುದು ಮರೆಯಿತು. ಆಮೇಲೆ ಊಟ ಮಾಡಿದ್ದು. ಈಗ ನಾನು. ನನ್ನನ್ನು 'ನೀವು' ಅನ್ನುತ್ತಾರೆ. "ಅಮ್ಮಾ, ನಿಮ್ಮ ಊಟ ಆಯ್ತಾ? ನಿಮ್ಮ ಮನೆಯವರು ಎಲ್ಲಿ, ಕೆಲಸಕ್ಕೆ ಹೋದ್ರಾ?" ಅಂತ ಕೇಳುತ್ತಾರೆ. "ಇಲ್ಲೇ ಕೂತಿದ್ದಾರೆ, ಏಳೋದೇ ಇಲ್ಲ" ಅಂತ ನಾನು ಹೇಳುತ್ತೇನೆ. ಮದುವೆಯಾದಾಗಿನಿಂದ ಇಷ್ಟು ಮರ್ಯಾದೆ ನನಗೆ ಯಾರೂ ಕೊಟ್ಟಿರಲಿಲ್ಲ. ನೀನು ಅಳಬೇಡ. ಅಳುವುದು ನಿನ್ನ ಹಳೇ ರೋಗ. ನಾನು ಅತ್ತಿಲ್ಲ, ನಿನಗೇನು.

ನಮ್ಮ ಕೋಣೆ ಅಡುಗೆಮನೆಯ ಹಿಂದಿದೆ. ಒಂದು ಮಂಚ, ಒಂದು ಕುರ್ಚಿ, ಒಂದು ಕಿಟಕಿ. ಕಿಟಕಿಯ ಆಚೆ ಬಸ್ಸು ನಿಲ್ಲಿಸುವ ಅಂಗಳ. ಅಲ್ಲಿ ಬೆಳಿಗ್ಗೆ ಪೈಪು ಹಿಡಿದು ಬಸ್ಸು ತೊಳೆಯುತ್ತಾರೆ. ಆ ನೀರು ಇಳಿಜಾರಿನಲ್ಲಿ ಹರಿದು ಮೋರಿ ಸೇರುವವರೆಗೂ ನಿನ್ನ ಭಾವ ಎದ್ದು ನಿಂತು ನೋಡುತ್ತಾರೆ. ನೀರು ನಿಂತಮೇಲೆ ಕೂರುತ್ತಾರೆ. ಇಡೀ ದಿನದಲ್ಲಿ ಅವರು ಮಾಡುವುದು ಅದೊಂದೇ. ಅಡುಗೆಮನೆಯ ನಲ್ಲಿ ತಿರುಗಿಸಿದರೆ ಬಂದು ಕೈಯೊಡ್ಡುತ್ತಾರೆ. ತೆಗೆಯುವುದಿಲ್ಲ.

ಹೋದ ವಾರ ಮನೆಯಿಂದ ಹೊರಟುಹೋದರು. ಮಗಳು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗಿದ್ದಳು. ಅಳಿಯ ಬ್ರೆಡ್ಡು ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ ಬಂದು ಹೆಣದಂತೆ ಮಲಗಿದ್ದ. ನಾನು ಸ್ನಾನಕ್ಕೆ ಇಳಿದಿದ್ದೆ. ಹೊರಗೆ ಬಂದು ನೋಡಿದರೆ ಮುಂಬಾಗಿಲು ತೆರೆದಿದೆ, ಚಪ್ಪಲಿ ಇಲ್ಲೇ ಇದೆ. ಒದ್ದೆ ತಲೆಯಲ್ಲೇ ಬೀದಿಬೀದಿ ಹುಡುಕಿದೆ. ಬಸ್ಸಿನ ಅಂಗಳದ ಹಿಂದೆ ಈ ಊರಿನ ಹೊಳೆ ಹರಿಯುತ್ತದೆ, ಕಲ್ಲಿನ ಮೆಟ್ಟಿಲು ಕಟ್ಟಿದ್ದಾರೆ. ಅಲ್ಲಿ ಪ್ಯಾಂಟನ್ನು ಮೊಣಕಾಲಿಗೆ ಮಡಚಿ ನೀರಿನ ಅಂಚಿನಲ್ಲಿ ನಿಂತಿದ್ದರು. "ರೀ" ಅಂತ ಕರೆದೆ. ಬೇರೆ ಯಾರನ್ನೋ ಕರೆದರೆಂಬ ಹಾಗೆ ನೀರನ್ನೇ ನೋಡುತ್ತಿದ್ದರು.

ಸಂಜೆ ಮಗಳು ಬಾಯಿಬಿಟ್ಟಳು. "ಅಮ್ಮಾ, ಇಂಥವರನ್ನ ನೋಡ್ಕೊಳ್ಳೋ ಮನೆ ಒಂದಿದೆ. ಊರಾಚೆ. ಹೋಗಿ ನೋಡ್ಕೊಂಡು ಬಂದಿದ್ದೀನಿ. ತುಂಬಾ ಶುದ್ಧವಾಗಿದೆ."

"ದನದ ಆಸ್ಪತ್ರೇನೂ ಶುದ್ಧವಾಗೇ ಇರುತ್ತೆ."

"ಹೀಗೆ ಮಾತಾಡಿದ್ರೆ ನಾನೇನು ಮಾಡ್ಲಿ, ಹೇಳು."

"ಅಲ್ಲಿ ನಮ್ಮ ಮಾತು ಬರೋರು ಯಾರಿದ್ದಾರೆ?"

"ಊಟ ಆಯ್ತಾ ಅನ್ನೋದು ಬಿಟ್ರೆ ಅಪ್ಪ ಮಾತಾಡೋದೇ ನಿಂತೋಗಿದೆಯಲ್ಲಮ್ಮ."

"ನಿಂತಿದೆ. ಸತ್ತಿಲ್ಲ."

ಅವಳು ಕೆಟ್ಟವಳಲ್ಲ ಗುಬ್ಬಿ. ಸೋಪಿನ ನೀರಿಗೆ ಅವಳ ಬೆರಳೆಲ್ಲ ಬಿರಿದುಹೋಗಿವೆ. ಕೆಲಸದಲ್ಲಿರುವಾಗ ಅಪ್ಪ ಬಸ್ಸಿನಡಿ ಸಿಕ್ಕ ಹಾಗೆ ಕಣ್ಣಮುಂದೆ ಬರುತ್ತದಂತೆ. ಆ ಮನೆಯಲ್ಲಿ ಬೇಸಿಗೆಗೆ ಒಂದು ಮಂಚ ಖಾಲಿಯಾಗುತ್ತದೆ. ಅದಕ್ಕೆ ಮೊದಲು ಅಲ್ಲಿಯ ಮೇಡಂ ಬಂದು ಇವರನ್ನು ನೋಡುತ್ತಾಳೆ. ಅವಳು ಮುಖ್ಯವಾಗಿ ನೋಡುವುದು ಒಂದೇ ಅಂತೆ: ಮನೆಯಲ್ಲಿ ಯಾರಾದರೊಬ್ಬರ ಮಾತನ್ನು ಇವರು ಕೇಳುತ್ತಾರಾ? ಕರೆದರೆ ನಿಲ್ಲುತ್ತಾರಾ, ತಿರುಗಿ ಬರುತ್ತಾರಾ? ಯಾರ ಮಾತೂ ಕೇಳದಿದ್ದರೆ ಮನೆಯಲ್ಲಿಡುವುದು ಅಪಾಯ ಅಂತ ಬರೆದು ಕರೆದುಕೊಂಡು ಹೋಗುತ್ತಾರೆ.

ಹೆಸರು ಹೇಳಿ ಕರೆದರೆ ತಿರುಗಿ ನೋಡದವರು, ಗೊತ್ತಿಲ್ಲದ ಮಾತಿನವರ ನಡುವೆ, ಬಿಳಿ ಗೋಡೆ ನೋಡುತ್ತ ಕೂತು ಸಾಯಬೇಕೇ? ನಾನು ಬದುಕಿರುವಾಗ?

ಮಾರನೆಯ ದಿನ ಅಳಿಯನಿಗೆ ಹೇಳಿದೆ, ಗಾಳದ ಕೋಲು ತಂದುಕೊಡು ಅಂತ. ಅವನಿಗೆ ನಗು ಬಂತು. "ಅತ್ತೆ, ನೀವಾ? ಈ ವಯಸ್ಸಲ್ಲಿ?" ನಾನು ಹೇಳಿದೆ, "ನಿನ್ನ ಹೆಂಡತಿ ಹೊಟ್ಟೇಲಿದ್ದಾಗ ಸೊಂಟದ ತನಕ ನೀರಲ್ಲಿ ನಿಂತು ಬಲೆ ಎಳೆದವಳು ನಾನು. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಸ್ವಲ್ಪ ತಡವಾಯ್ತು, ಅಷ್ಟೆ."

ನೋಡೋಣ. ಬೇರೇನೂ ಉಳಿದಿಲ್ಲ ನನ್ನ ಕೈಯಲ್ಲಿ. ನಿನ್ನ ಯಜಮಾನರ ಹೊಲಿಗೆ ಮಿಷನ್ನು ರಿಪೇರಿಯಾಯಿತೇ? ಮಕ್ಕಳಿಗೆ ಆಶೀರ್ವಾದ.

ಇಂತಿ,
ನಿನ್ನ ಅಕ್ಕ

ಮೇ ೨೦, ಭಾನುವಾರ

ಚಿ. ಸೌ. ಗುಬ್ಬಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಕೈಸೇರಿತು. ಈ ಸಲವೂ ನನ್ನದೇ ತಡ. ಈಗ ನನಗೆ ಕೆಲಸ ಇದೆ ಮಾರಾಯ್ತಿ, ನಿನ್ನ ಹಾಗಲ್ಲ.

ಇಲ್ಲಿ ಹೊಳೆಗೆ ಗಾಳ ಹಾಕಬೇಕಾದರೂ ಪರವಾನಗಿ ಬೇಕು. ಮಗಳನ್ನು ಕರೆದುಕೊಂಡು ಕಚೇರಿಗೆ ಹೋದೆ. ಗಾಜಿನ ಹಿಂದೆ ಕೂತಿದ್ದ ಗುಮಾಸ್ತೆ ಏನೋ ಕೇಳಿದಳು. "ನಿಮ್ಮ ತಾಯಿಗೆ ಮೀನು ಹಿಡಿದು ಗೊತ್ತಾ ಅಂತ ಕೇಳ್ತಿದ್ದಾಳಮ್ಮ" ಅಂದಳು ಮಗಳು. ನಾನು ಗಾಜಿನ ಕೆಳಗಿನ ಕಿಂಡಿಯಲ್ಲಿ ನನ್ನ ಅಂಗೈ ಒಳಗೆ ತೂರಿಸಿ ತೋರಿಸಿದೆ. ಬಲೆಯ ಹಗ್ಗ ಕೊಯ್ದ ಗೆರೆ ಇನ್ನೂ ಇದೆಯಲ್ಲ. ಅವಳು ಬೆರಳಿಂದ ಮುಟ್ಟಿ ನೋಡಿ ನಮ್ಮಿಬ್ಬರ ಚೀಟಿಗೂ ಮುದ್ರೆ ಒತ್ತಿದಳು.

ಬಲೆ ಹಾಕುವ ಹಾಗಿಲ್ಲ. ಒಬ್ಬರಿಗೆ ಒಂದು ಕೋಲು, ಕೋಲಿಗೆ ಒಂದು ಗಾಳ, ಆ ಗಾಳಕ್ಕೂ ಮೀನು ಜಾರದಂತೆ ತಡೆಯುವ ಮುಳ್ಳಿಲ್ಲ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡಬೇಕು! ಕೇಳಿದ್ದೀಯ ಇಂಥದ್ದನ್ನು? ಮಗುವಿಗೆ ತುತ್ತು ಕಲಸಿ ಬಾಯಿವರೆಗೆ ತಂದು ತಟ್ಟೆ ಎತ್ತಿಟ್ಟ ಹಾಗೆ. ಮೀನಿಗಾದರೂ ಬೇಜಾರಾಗುವುದಿಲ್ಲವೇ ಅಂತ.

ಮೊದಲ ದಿನ ಇವರ ಕೈಗೆ ಕೋಲು ಕೊಟ್ಟರೆ ಪೊರಕೆ ಹಿಡಿದ ಹಾಗೆ ಹಿಡಿದುಕೊಂಡರು. ಕೈಯೂ ಮರೆತಿದ್ದರೆ ಇನ್ನು ಯಾವ ಬಾಗಿಲು ತಟ್ಟಲಿ? ನಾನೇ ಡಬ್ಬಿಯಿಂದ ಎರೆಹುಳ ತೆಗೆದು ಗಾಳಕ್ಕೆ ಚುಚ್ಚತೊಡಗಿದೆ. ಬೇಕೆಂದೇ ಅಡ್ಡಾದಿಡ್ಡಿ ಚುಚ್ಚಿದೆ. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕೈಯಿಂದ ಕಸಿದುಕೊಂಡರು.

"ಹಾಗಲ್ಲಮ್ಮ. ಹುಳ ಬದುಕಿರ್ಬೇಕು, ಮೀನಿಗೆ ಅನುಮಾನ ಬರ್ಬಾರ್ದು. ನಿಮಗ್ಯಾರು ಕಲಿಸಿದ್ದು ಇದನ್ನ?"

ಆ ಊಟದ ಪ್ರಶ್ನೆ ಬಿಟ್ಟರೆ, ಎಷ್ಟೋ ತಿಂಗಳ ಮೇಲೆ ಅವರ ಬಾಯಿಂದ ಬಂದ ಪೂರ್ತಿ ಮಾತು ಅದು. ಅದೂ ಬೈಗುಳ. ನಾನು ಡಬ್ಬಿಯ ಮುಚ್ಚಳ ಹುಡುಕುವವಳ ಹಾಗೆ ಬಗ್ಗಿದೆ. ಮುಚ್ಚಳ ಕೈಯಲ್ಲೇ ಇತ್ತು.

ಹೊಳೆಯ ದಂಡೆಯಲ್ಲಿ ನಮ್ಮ ಜೊತೆಗೆ ಒಬ್ಬ ಮುದುಕ ಕೂರುತ್ತಾನೆ. ಹಿಂದೆ ನಲ್ಲಿ, ಪೈಪು ರಿಪೇರಿ ಮಾಡುತ್ತಿದ್ದನಂತೆ. ತಲೆಗೊಂದು ಹುಲ್ಲಿನ ಟೋಪಿ, ಕೂರಲು ಮಡಚುವ ಕುರ್ಚಿ. ನಾನು ಅವನನ್ನು ಟೋಪಿ ಅಂತಲೇ ಕರೆಯುವುದು. ಇವರಿಗೆ ಮೊದಲ ಮೀನು ಸಿಕ್ಕಾಗ, ಮೀಸೆಯ ಮೀನು, ಮೊಳದಷ್ಟಿತ್ತು, ಟೋಪಿ ಓಡಿಬಂದು ಬಿಡಿ ಬಿಡಿ ಅಂತ ಕೈ ಆಡಿಸಿದ. ಇವರು ಬಿಡುವವರೇ? ಇವರು ನಮ್ಮ ಮಾತಿನಲ್ಲಿ ಬೈದರು, ಅವನು ಅವನ ಮಾತಿನಲ್ಲಿ ಬೈದ. ಒಬ್ಬರದು ಒಬ್ಬರಿಗೆ ಸ್ಪಷ್ಟವಾಗಿ ಅರ್ಥವಾಯಿತು, ಜಗಳ ಮೀನಿನ ಮೇಲಲ್ಲವೇ. ಕೊನೆಗೆ ನಾನೇ ಕಿತ್ತುಕೊಂಡು ನೀರಿಗೆ ಬಿಟ್ಟೆ. ನಿನ್ನ ಭಾವ ಟೋಪಿಯ ಹತ್ತಿರ ಹೋಗಿ ಗುಟ್ಟಾಗಿ ಕೇಳಿದರು: "ಈಯಮ್ಮ ಯಾಕೆ ಹಿಂಗೆ? ಇವರ ಮನೇಲಿ ಇವತ್ತು ಉಪವಾಸಾನಾ?"

ಈಗ ದಿನಾ ಬೆಳಿಗ್ಗೆ ಹೋಗುತ್ತೇವೆ. ಹಸಿವು ತಿರುಗಿ ಬಂದಿದೆ. ಅಂಗಡಿಯ ಮೀನು ಹುರಿದು ಇದು ನೀವೇ ಹಿಡಿದದ್ದು ಅಂತ ಬಡಿಸುತ್ತೇನೆ, ಚಪ್ಪರಿಸಿ ತಿನ್ನುತ್ತಾರೆ. ಬೆಂಡು ಮುಳುಗುವ ಮೊದಲೇ ಅವರ ಕೈಗೆ ಗೊತ್ತಾಗುತ್ತದೆ. ನನಗಿಂತ ಚುರುಕು.

ಹೋದ ಭಾನುವಾರ ಮಗಳೂ ಬಂದಿದ್ದಳು. ಕಲ್ಲಿನ ಮೇಲೆ ಕೂತು ಅಪ್ಪನನ್ನೇ ನೋಡುತ್ತ, "ಅಮ್ಮಾ, ಅಪ್ಪ ಯಾಕೆ ಅಷ್ಟೊಂದು ಸಲ ಹಿಂದೆ ತಿರುಗಿ ನೋಡ್ತಾರೆ?" ಅಂತ ಕೇಳಿದಳು. ಅವಳು ಹುಟ್ಟುವ ಹೊತ್ತಿಗೆ ನಮ್ಮಪ್ಪನ ಕಾಲ ಮುಗಿದಿತ್ತು, ಅವಳಿಗೆ ಹೇಗೆ ಗೊತ್ತಾಗಬೇಕು? ಹೇಳಿದೆ. ನಮ್ಮ ಮನೆತನದಲ್ಲಿ ಒಬ್ಬರೇ ನೀರಿಗಿಳಿಯುವಂತಿಲ್ಲ. ಒಬ್ಬರು ನೀರಲ್ಲಿ, ಒಬ್ಬರು ದಡದಲ್ಲಿ. ನೀರಲ್ಲಿ ನಿಂತವನಿಗೆ ತನ್ನ ಕಾಲ ಸುತ್ತ ಮಾತ್ರ ಕಾಣುತ್ತದೆ. ದಡದವಳಿಗೆ ಇಡೀ ಕೆರೆ ಕಾಣುತ್ತದೆ, ಮೀನು ಎತ್ತ ತಿರುಗಿತು, ಗುಂಡಿ ಎಲ್ಲಿದೆ, ಎಲ್ಲ. ಆದ್ದರಿಂದ ದಡದವಳ ಮಾತೇ ಮಾತು. ಅವಳು ಕರೆಯುವವರೆಗೆ ನೀರಲ್ಲಿದ್ದವನು ಮೇಲೆ ಹತ್ತಕೂಡದು. ಹತ್ತಿದರೆ ನಮ್ಮಪ್ಪ ಆ ದಿನ ಊಟ ಹಾಕುತ್ತಿರಲಿಲ್ಲ.

"ಹಾಗಾದ್ರೆ ನೀನು ಕರಿ. ಬರ್ತಾರಲ್ಲ?" ಅಂದಳು ಮಗಳು. ಅವಳ ಕಣ್ಣಲ್ಲಿ ಆಸೆ ಇತ್ತು.

ಗುಬ್ಬಿ, ನಾನು ನಿನಗೆ ಬರೆಯಲು ಹೊರಟಿದ್ದು ಇದೇ. ಕರೆದರೆ ಬರುವುದಿಲ್ಲ. ಕೈ ತಿರುಗಿ ಬಂತು, ಬಾಯಿ ಬಂತು, ಹೊಟ್ಟೆ ಬಂತು, ಕಿವಿ ಬರಲಿಲ್ಲ. ಮೆಟ್ಟಿಲ ಮೇಲೆ ನಿಂತವರು ಒಂದು ಮೆಟ್ಟಿಲು ಕೆಳಗಿಳಿಯುತ್ತಾರೆ, ಇನ್ನೊಂದು ಇಳಿಯುತ್ತಾರೆ. "ರೀ, ಸಾಕು, ಬನ್ನಿ" ಅನ್ನುತ್ತೇನೆ. ತಿರುಗಿ ನನ್ನನ್ನು ನೋಡುತ್ತಾರೆ, ನನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ನೋಡುತ್ತಾರೆ, ಮತ್ತೆ ನೀರಿನ ಕಡೆ ತಿರುಗುತ್ತಾರೆ. ಅಂಗಿ ಹಿಡಿದು ಎಳೆದು ತರಬೇಕು. ಅಪ್ಪ ಕರೆಯುತ್ತಿದ್ದ ಹಾಗೆ ಗದರಿಸಿದೆ. ನಾವು ಬುಟ್ಟಿ ಬಡಿಯುತ್ತಿದ್ದ ಹಾಗೆ ಬಕೆಟ್ಟು ಬಡಿದೆ. ಗೋಗರೆದೆ ಕೂಡ, ನಾನು ಗೋಗರೆದದ್ದನ್ನು ನೀನು ಯಾವತ್ತಾದರೂ ಕಂಡಿದ್ದೀಯ? ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಮಗಳು ಅದನ್ನು ಕಣ್ಣಾರೆ ಕಂಡಳು. ಮನೆಗೆ ಬರುವಾಗ ದಾರಿಯುದ್ದಕ್ಕೂ ಅಪ್ಪನ ಅಂಗಿ ಹಿಡಿದುಕೊಂಡೇ ನಡೆದಳು.

ಮೇಡಂ ಮುಂದಿನ ತಿಂಗಳ ಕೊನೆಗೆ ಬರುತ್ತಾಳೆ. ಅವಳಿಗೆ ಇವರು ಹುಳ ಚುಚ್ಚುವುದನ್ನು ತೋರಿಸಿ ಏನು ಪ್ರಯೋಜನ? ಅವಳು ಕರೆದು ನೋಡುತ್ತಾಳೆ. ನನಗೆ ಭಯವಾಗಿದೆ. ಈ ಮಾತನ್ನು ನಾನು ಇಲ್ಲಿವರೆಗೂ ಯಾರಿಗೂ ಬರೆದದ್ದಿಲ್ಲ, ಹೇಳಿದ್ದಿಲ್ಲ. ನೀನು ನಿನ್ನ ಯಜಮಾನರಿಗೂ ಹೇಳಬೇಡ.

ಮಕ್ಕಳಿಗೆ ಆಶೀರ್ವಾದ. ಎಲ್ಲರೂ ಚೆನ್ನಾಗಿರಿ.

ಇಂತಿ,
ನಿನ್ನ ಅಕ್ಕ

ಜುಲೈ ೧, ಭಾನುವಾರ

ಚಿ. ಸೌ. ಗುಬ್ಬಿಗೆ ಅಕ್ಕನ ಆಶೀರ್ವಾದ.

ಮಗಳು ನಿನಗೆ ಫೋನು ಮಾಡಿ ಅಳುತ್ತ ಏನೇನೋ ಹೇಳಿದಳಂತೆ. ಅವಳು ಹೇಳಿದ್ದರಲ್ಲಿ ಅರ್ಧ ನಂಬು. ಉಳಿದರ್ಧ ನಾನು ಬರೆಯುತ್ತೇನೆ. ನೀನು ಗಾಬರಿಯಿಂದ ಮೇಲೆ ಮೇಲೆ ಎರಡು ಕಾಗದ ಹಾಕಿದ್ದೀಯ. ಉತ್ತರ ಬರೆಯದೆ ಕಾಯಿಸಿದ್ದು ತಪ್ಪೇ. ಕೂತು ಬರೆಯುವ ಸ್ಥಿತಿಯಲ್ಲಿ ಈ ಮನೆಯಲ್ಲಿ ಯಾರೂ ಇರಲಿಲ್ಲ.

ಮೇಲೆಲ್ಲೋ ಮಳೆಯಾಗಿ ಹೊಳೆ ತುಂಬಿತ್ತು. ಟೋಪಿ ನಮ್ಮನ್ನು ಕಂಡದ್ದೇ ಬೇಡ ಬೇಡ ಅಂತ ತಲೆಯಾಡಿಸಿದ, ನೀರಿನ ಬಣ್ಣ ತೋರಿಸಿದ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲೇ ನಿಲ್ಲಿಸುತ್ತೇನೆ, ಸ್ವಲ್ಪ ಹೊತ್ತು ಅಂತ ನಾನು ಸನ್ನೆ ಮಾಡಿದೆ. ಕರೆದುಕೊಂಡು ಹೋಗದಿದ್ದರೆ ಇವರು ಮುಂಬಾಗಿಲ ಚಿಲಕ ಕಿತ್ತು ಕೈಗೆ ಕೊಡುತ್ತಿದ್ದರು.

ದೊಡ್ಡ ಮೀನು ಬಿತ್ತು. ಎಷ್ಟು ದೊಡ್ಡದೋ ನಾನು ನೋಡಲಿಲ್ಲ, ಕೋಲು ಬಿಲ್ಲಿನ ಹಾಗೆ ಬಗ್ಗಿದ್ದನ್ನು ನೋಡಿದೆ. ಗಟ್ಟಿಯಾಗಿ ಎಳೆದರೆ ಈ ಮುಳ್ಳಿಲ್ಲದ ಗಾಳದಿಂದ ಜಾರಿಹೋಗುತ್ತದೆ ಅಂತ ಅವರ ಕೈಗೆ ಗೊತ್ತು. ದಾರದ ಹಿಂದೆ ತಾವೇ ಹೋದರು. ಮೆಟ್ಟಿಲ ಮೇಲೆ ಮೆಟ್ಟಿಲು. ಮೊಣಕಾಲು ಮುಳುಗಿತು. ನಾನು ಅಂಗಿ ಹಿಡಿದೆ. ಹಳೇ ಅಂಗಿ, ತೋಳು ಹರಿದು ನನ್ನ ಕೈಯಲ್ಲಿ ಉಳಿಯಿತು. ಸೊಂಟ ಮುಳುಗಿತು. ಎದೆಯವರೆಗೆ ನೀರಿನಲ್ಲಿ ನಿಂತರು. ಅದು ಕೊನೆಯ ಮೆಟ್ಟಿಲು ಗುಬ್ಬಿ. ಅದರಾಚೆ ಕಲ್ಲಿಲ್ಲ, ಆಳ.

ಮೀನು ಯಾವಾಗಲೋ ತಪ್ಪಿಸಿಕೊಂಡಿತ್ತು. ಆದರೂ ಇವರು ಅಲ್ಲೇ ನಿಂತಿದ್ದಾರೆ. ಆ ನೀರು ಎಷ್ಟು ತಣ್ಣಗಿರುತ್ತದೆಂದರೆ ಬೆರಳದ್ದಿದರೆ ಮೂಳೆ ನೋಯುತ್ತದೆ. ಟೋಪಿ ತನ್ನ ಉದ್ದ ಹಿಡಿಯ ಕೈಬಲೆ ಚಾಚಿದ. ಇವರು ಅದನ್ನು ತಳ್ಳಿದರು. ನಾನು ಕರೆದೆ. "ರೀ" ಅಂದೆ. ಹೆಸರು ಹಿಡಿದು ಕೂಗಿದೆ, ಗಂಡನ ಹೆಸರನ್ನು ಊರ ಮುಂದೆ ಕೂಗಿದೆ. ಮಗಳ ಹೆಸರು ಹೇಳಿ ಅವಳು ಬಂದಿದ್ದಾಳೆ ಅಂದೆ. ಇವರು ದಡದ ಕಡೆ ಮುಖ ಮಾಡಿ, ತುಟಿ ನೀಲಿಯಾಗಿದ್ದರೂ ಶಾಂತವಾಗಿ, "ದಡದವಳು ಕರೀಲಿ, ಬರ್ತೀನಿ" ಅಂದರು.

ಊರಲ್ಲೇ ಬಿಟ್ಟು ಬಂದೆ ಅಂದುಕೊಂಡಿದ್ದ ನಿಯಮ, ನಾವೇ ತಲೆತಲಾಂತರದಿಂದ ಹೇಳಿಕೊಟ್ಟ ನಿಯಮ, ನನ್ನ ಗಂಡನನ್ನು ಆ ನೀರಿನಲ್ಲಿ ಕಟ್ಟಿ ನಿಲ್ಲಿಸಿತ್ತು. ಬೇರೆ ಯಾವ ಮನೆಯವರಾಗಿದ್ದರೂ ಚಳಿಗೆ ತಾವೇ ಹತ್ತಿ ಬರುತ್ತಿದ್ದರು. ಟೋಪಿ ಕೂತು ಬೂಟಿನ ದಾರ ಬಿಚ್ಚತೊಡಗಿದ. ಅವನಿಗೆ ನಮಗಿಂತ ಹೆಚ್ಚು ವಯಸ್ಸು. ಇಳಿದಿದ್ದರೆ ಇಬ್ಬರೂ ಹೋಗುತ್ತಿದ್ದರು.

ಇನ್ನೊಂದು ಸಲ ಕರೆದೆ. ಬಂದರು. ತಾವೇ ಕಾಲಿಟ್ಟು, ಒಂದೊಂದೇ ಮೆಟ್ಟಿಲು ಹತ್ತಿ, ಕೋಲನ್ನು ಬಿಡದೆ ಬಂದರು.

ಆಸ್ಪತ್ರೆಯಲ್ಲಿ ಕಂಬಳಿ ಹೊದಿಸಿ ಇಟ್ಟುಕೊಂಡರು, ಎದೆಗೆ ಕಫ ಕಟ್ಟಿತ್ತು. ಮಗಳು ಅಲ್ಲಿಯೇ ಬಟ್ಟೆ ಒಗೆಯುವ ಕೋಣೆಯಿಂದ ಓಡಿ ಬಂದಳು. "ಕೊಂದೇಬಿಡ್ತಿದ್ದೆ ನೀನು! ಅಪ್ಪನ್ನ ಕೊಂದೇಬಿಡ್ತಿದ್ದೆ!" ಅಂತ ಎಲ್ಲರೆದುರು ಕೂಗಿದಳು. ನನ್ನ ಎದುರು ದನಿ ಎತ್ತಿದ್ದು ಅದೇ ಮೊದಲು. ಅಳಿಯ ಮನೆಗೆ ಬಂದು ಕೋಲುಗಳನ್ನು ಬೀರುವಿನ ಮೇಲೆ ಎತ್ತಿಟ್ಟ, ನನ್ನ ಕೈಗೆಟಕದ ಹಾಗೆ. ಮೇಡಂಗೆ ಫೋನು ಹೋಯಿತು. ಅಲ್ಲಿಯ ಮಂಚವೂ ಖಾಲಿಯಾಗಿತ್ತು.

ಮೇಡಂ ಬಂದಳು. ಮೆತ್ತಗೆ ಹೆಜ್ಜೆಯಿಡುವ, ಮೆತ್ತಗೆ ಮಾತಾಡುವ ಹೆಂಗಸು. ಇವರ ಕೈ ಹಿಡಿದು ನೋಡಿದಳು, ಬಚ್ಚಲು ನೋಡಿದಳು, ಕಿಟಕಿಯ ಚಿಲಕ ನೋಡಿದಳು. ಇವರ ಬಟ್ಟೆಗಳನ್ನು ಮಗಳು ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟಿದ್ದಳು. ನಾನು ಅದನ್ನು ಎರಡು ಸಲ ಒಳಗೆ ತಂದಿಟ್ಟೆ, ಅವಳು ಎರಡು ಸಲ ಹೊರಗಿಟ್ಟಳು.

ಆಮೇಲೆ ಮೇಡಂ ಮುಂಬಾಗಿಲು ತೆಗೆದು ಇವರನ್ನು ಅವರ ಪಾಡಿಗೆ ಬಿಡಿ ಅಂದಳು. ಇವರು ನೆಟ್ಟಗೆ ಬೀದಿಗಿಳಿದು ಬಸ್ಸಿನ ಅಂಗಳದ ಗೇಟಿನ ಕಡೆ ನಡೆದರು. "ಈಗ ಕರೀರಿ" ಅಂದಳು. "ಅಪ್ಪಾ!" ಅಂತ ಮಗಳು ಕರೆದಳು. ತಿರುಗಲಿಲ್ಲ. "ಮಾವಾ, ನಿಲ್ಲಿ ಮಾವಾ!" ಅಂದ ಅಳಿಯ. ತಿರುಗಲಿಲ್ಲ. ಗೇಟಿನಿಂದ ಬಸ್ಸೊಂದು ಹಿಂದಕ್ಕೆ ಬರುತ್ತಿತ್ತು. ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ನಾನು ಕರೆದೆ. ನಿಂತರು. ತಿರುಗಿದರು. ಬಂದರು.

ಮೇಡಂಗೆ ನಂಬಿಕೆ ಬರಲಿಲ್ಲ, ಮತ್ತೊಮ್ಮೆ ಮಾಡಿಸಿದಳು. ಮತ್ತೊಮ್ಮೆಯೂ ಬಂದರು. ಅವಳು ಹೇಳಿದ್ದನ್ನು ಮಗಳು ತಡವರಿಸುತ್ತ ನನಗೆ ಹೇಳಿದಳು: "ಈಯಮ್ಮನ ಮಾತು ಕೇಳ್ತಾರೆ. ಈಯಮ್ಮ ಜೊತೆಗಿದ್ದು, ಕರೆದಾಗ ಅವರು ಬರ್ತಿರೋವರೆಗೂ ಮನೇಲೇ ಇರ್ಲಿ. ಚಳಿಗಾಲಕ್ಕೆ ಮೊದಲು ಇನ್ನೊಂದು ಸಲ ಬಂದು ನೋಡ್ತೀನಿ." ಆ ಮಂಚವನ್ನು ಬೇರೆ ಯಾರಿಗೋ ಕೊಟ್ಟರಂತೆ. ಮಗಳು ನನ್ನ ಕಾಲ ಬಳಿ ಕೂತು ಬಹಳ ಅತ್ತಳು. ಏಳು, ಅನ್ನ ಸೀಯುತ್ತಿದೆ ಅಂದೆ.

ಅಳಿಯ ಕೋಲು ಕೆಳಗಿಳಿಸಿಕೊಟ್ಟ. ಸೊಂಟಕ್ಕೆ ಕಟ್ಟುವ ಪಟ್ಟಿಯೊಂದನ್ನು ತಂದಿದ್ದಾನೆ. ಅದರ ತುದಿಯನ್ನು ಟೋಪಿ ದಂಡೆಯ ಕಂಬಿಗೆ ಬಿಗಿಯುತ್ತಾನೆ. ಹೀಗೆ ದಿನಾ ಗಾಳ ಹಾಕುತ್ತಿದ್ದೇವೆ. ಆದ್ದರಿಂದ ನೀನು ನಿಶ್ಚಿಂತೆಯಿಂದಿರು. ನಿನ್ನ ಯಜಮಾನರ ಕಣ್ಣು ಸರಿಹೋಗಲಿ. ಮಕ್ಕಳು ಮೊಮ್ಮಕ್ಕಳಿಗೆ ನೂರು ವರ್ಷ ಆಯಸ್ಸಾಗಲಿ. ನಿನ್ನ ಮನೆ ತಣ್ಣಗಿರಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಬಿಚ್ಚಿದೆ. ಮೇಲೆ ಒಂದು ಕಡೆ ಮಾತು ಬದಲಿಸಿ ಬರೆದಿದ್ದೇನೆ. ನೀರಿನಲ್ಲಿ ನಿಂತು ಅವರು "ದಡದವಳು ಕರೀಲಿ" ಅನ್ನಲಿಲ್ಲ. "ಗುಬ್ಬಿ ಕರೀಲಿ" ಅಂದರು.

ನಾನೇ ಗುಬ್ಬಿ ಅಂದೆ. ಇನ್ನೇನು ಮಾಡಲಿ, ನೀರು ಎದೆಗೆ ಬಂದಿತ್ತು. ಅವರು ಕಣ್ಣು ಕಿರಿದು ಮಾಡಿ ನೋಡಿ, "ಗುಬ್ಬಿಯಾದ್ರೆ ನನ್ನ ಏನಂತ ಕರೀತೀಯ, ಹೇಳು" ಅಂದರು. ನನಗೆ ಹೇಗೆ ಗೊತ್ತಿರಬೇಕು? ಅಪ್ಪನ ಜೊತೆ ಕೆಲಸಕ್ಕೆ ಬಂದ ಆ ಹುಡುಗನಿಗೆ ದಡ ಕಾಯುತ್ತಿದ್ದವಳು ನೀನು. ನಾನಾಗ ಸಂತೆಗೆ ಮೀನು ಮಾರಲು ಹೋಗುತ್ತಿದ್ದೆ. "ಮರ್ತೋಯ್ತು, ನೀನೇ ಹೇಳ್ಬಿಡು" ಅಂತ ಬೇಡಿಕೊಂಡೆ. "ಕಳ್ಳಿ! ಕೊಕ್ಕರೆ ಕೊಕ್ಕರೆ ಅಂತ ದಿನಾ ಕಾಡ್ಸೋಳು, ಈಗ ಮರ್ತೋಯ್ತಾ?" ಅಂದು ನಕ್ಕರು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಆ ನಗು ನನಗೆ ಹೊಸದು. "ಕೊಕ್ಕರೆ, ಮೇಲೆ ಬಾರೋ" ಅಂತ ಕೂಗಿದೆ. ಬಂದರು. ಮೇಡಂ ಎದುರೂ ಹಾಗೇ ಕೂಗಿದೆ. ಅದು ನಾವಿಬ್ಬರೂ ಮೊದಲಿಂದ ಇಟ್ಟುಕೊಂಡ ಮುದ್ದಿನ ಹೆಸರು ಅಂದುಕೊಂಡು ಮಗಳು ಅಳುವಿನ ನಡುವೆಯೂ ನಕ್ಕಳು.

ಆಸ್ಪತ್ರೆಯ ಮಂಚದಲ್ಲಿ ನನ್ನ ಕೈ ಹಿಡಿದುಕೊಂಡು ಕೇಳಿದರು: "ದೊಡ್ಡವಳಿರುವಾಗ ಚಿಕ್ಕವಳನ್ನ ಕೊಡೋ ಹಾಗಿಲ್ಲವಂತೆ ನಿಮ್ಮಪ್ಪ. ದೊಡ್ಡವಳನ್ನೇ ಮಾಡ್ಕೋ ಅಂತಾರೆ. ನೀನೇನಂತೀಯ ಗುಬ್ಬಿ? ನೀನು ಬೇಡ ಅಂದ್ರೆ ಬೇಡ." ನಾನು ಹೇಳಿದೆ, "ಮಾಡ್ಕೋ. ನಮ್ಮಕ್ಕನ ಬಾಯಿ ಜೋರು, ಆದ್ರೆ ಕೈ ಬಿಡೋಳಲ್ಲ." "ಆಯ್ತು, ನೀನು ಹೇಳಿದ್ದಕ್ಕೆ" ಅಂದರು. ಮಾರನೆಯ ದಿನ ಅದೂ ಮರೆತುಹೋಯಿತು. ಮತ್ತೆ ಕೇಳಿದರು. ಈಗ ದಿನಾ ಬೆಳಿಗ್ಗೆ ಕೇಳುತ್ತಾರೆ. ದಿನಾ ಬೆಳಿಗ್ಗೆ ನಾನು ಅವರನ್ನು ನನ್ನ ಮದುವೆಗೆ ಒಪ್ಪಿಸುತ್ತೇನೆ.

ನಿನ್ನ ಮೇಲೆ ಕೋಪವಿಲ್ಲ ಅಂತ ಬರೆಯಲಾರೆ. ಇದೆ ಅಂತಲೂ ಬರೆಯಲಾರೆ. ಅದಕ್ಕೆಲ್ಲ ಈಗ ನನಗೆ ಪುರುಸೊತ್ತಿಲ್ಲ. ಆಗ ನೀನು ಅವರಿಗೆ ಏನು ಉತ್ತರ ಕೊಟ್ಟೆ ಅನ್ನುವುದು ಬೇಡ. ಬೇಕಾದದ್ದು ಬೇರೆ. ನಿನ್ನೆ ನಾನು ಕರೆದಾಗ ಅವರು ಬರುವ ಮೊದಲು ಸ್ವಲ್ಪ ತಡೆದರು. "ಗುಬ್ಬಿ ಹೀಗೆ ಗದರ್ಸಲ್ಲ" ಅಂದರು. ಅನುಮಾನ ಬರುತ್ತಿದೆ. ಮೇಡಂ ಮತ್ತೆ ಬರುವುದರೊಳಗೆ ನಾನು ಕಲಿಯಬೇಕು. ದಡದಲ್ಲಿ ನಿಂತು ನೀನು ಅವರ ಹತ್ತಿರ ಏನೇನು ಮಾತಾಡುತ್ತಿದ್ದೆ, ಹೇಗೆ ಕರೆಯುತ್ತಿದ್ದೆ, ಯಾವುದಕ್ಕೆ ನಗುತ್ತಿದ್ದೆ, ಅವರು ಏನಂದರೆ ನೀನು ಏನನ್ನುತ್ತಿದ್ದೆ, ಎಲ್ಲ ನೆನಪು ಮಾಡಿಕೊಂಡು ಬರಿ. ಒಂದನ್ನೂ ಬಿಡಬೇಡ. ನಾಚಿಕೊಳ್ಳಬೇಡ, ನಾನೂ ನಾಚಿಕೊಳ್ಳುವುದಿಲ್ಲ. ಬೇಗ ಬರಿ.